ಆಳಕ್ಕೆ ಹೊಡೆದ್ರೆ ಕೀಳೋರು ಯಾರು?

ಇಲ್ಲಿ ಏನೂ ಬರೆಯದೆ ತುಂಬಾ ದಿನ ಆಯ್ತು. ಕೆಲಸ, ಸೋಮಾರಿತನ ಎರಡೂ ಕಾರಣ, ಎರಡನೆಯದು ಸ್ವಲ್ಪ ಜಾಸ್ತಿ :) ಇವತ್ತು ಬರೆಯೋಕೆ ಕೂತಿರೋದು ಗೂಟದ ಬಗ್ಗೆ. ಹೌದು, ಗೂಟ. ದನ ಕಟ್ಟೋ ಗೂಟ, ಟೆಂಟಿನ ಗೂಟ, ಶಾಮಿಯಾನದ ಗೂಟ. ಗೂಟದ ಮೇಲೂ ಒಬ್ಬ ಇಷ್ಟುದ್ದ ಬರೀತಾನಾ ಅಂತ ನಗೋರು ನಗಬಹುದು. ನಾನೂ ಮೂರು ವರ್ಷದ ಹಿಂದಾಗಿದ್ದರೆ ನಗ್ತಿದ್ದೆ.

ಮೂರು ವರ್ಷದ ಹಿಂದೆ ಏಪ್ರಿಲ್ ಕೊನೇ ವಾರ, ಹಿರಿಯೂರಿನ ಹತ್ತಿರದ ನಮ್ಮೂರಲ್ಲಿ ಚಿಕ್ಕಪ್ಪನ ಮಗಳ ಮದುವೆ. ಹಿಂದಿನ ದಿನ ಚಪ್ಪರ. ಮನೆ ಮುಂದೆ ಹಸಿರು ಚಪ್ಪರ ಶಾಸ್ತ್ರಕ್ಕೆ ಒಂದಿಷ್ಟು, ಉಳಿದ ಬಯಲಿಗೆಲ್ಲ ಬಾಡಿಗೆ ಶಾಮಿಯಾನ. ಸಂಜೆ ನಾಲ್ಕೂವರೆ ಹೊತ್ತಿಗೆ ಪಡುವಣ ದಿಕ್ಕು ಕಪ್ಪಾಯ್ತು. ನಮ್ಮ ಕಡೆಯವರಿಗೆ ಗೊತ್ತು, ಆ ತಿಂಗಳ ಮಳೆ ಹನಿಯಾಗಿ ಬರಲ್ಲ, ಮೊದಲು ಗಾಳಿಯಾಗಿ ಬರುತ್ತೆ. ಧೂಳೆದ್ದಿತು. ಶಾಮಿಯಾನ ಹೊಟ್ಟೆ ಉಬ್ಬಿಸಿಕೊಂಡು ಮೇಲೆದ್ದಿತು, ಕೆಳಗೆ ಬಿತ್ತು, ಮತ್ತೆ ಎದ್ದಿತು. ಮೂಲೆಯ ಒಂದು ಗೂಟ 'ಪಟ್' ಅಂತ ಕಿತ್ತುಬಂತು. ಅದರ ಪಕ್ಕದ್ದು ಕಿತ್ತುಬರೋಕೆ ಒಂದು ಸೆಕೆಂಡ್ ಹಿಡೀಲಿಲ್ಲ. ಆಮೇಲೆ ಸಾಲಾಗಿ ಬಂದುವು, ಅಂಗಿ ಗುಂಡಿ ಹರಿದ ಹಾಗೆ. ಹಗ್ಗದ ತುದಿಗೆ ಕಟ್ಟಿದ್ದ ಕಬ್ಬಿಣದ ಗೂಟಗಳು ಗಾಳಿಯಲ್ಲಿ ಕವಣೆ ಕಲ್ಲಿನ ಥರ ತಿರುಗ್ತಿದ್ದುವು. ಎಲ್ಲರೂ ಓಡಿದ್ವಿ. ಎಲೆ ಒರೆಸುತ್ತ ಕೂತಿದ್ದ ನಮ್ಮ ಅತ್ತೆ ಏಳೋಕೆ ಸ್ವಲ್ಪ ತಡ ಮಾಡಿದ್ರು. ಕಂಬ ಅವರ ಭುಜದ ಮೇಲೆ ಬಿತ್ತು.

ಮದುವೆ ಮರುದಿನ ನಡೀತು, ನಿಲ್ಲಿಸೋಕಾಗುತ್ತಾ. ಅತ್ತೆ ಆಸ್ಪತ್ರೆಯಲ್ಲಿದ್ರು. ಮೂಳೆಗೆ ಪ್ಲೇಟ್ ಹಾಕಿದ್ರು, ಮೂಳೆ ಕೂಡಿತು. ಆದರೆ ಇವತ್ತಿಗೂ ಅವರಿಗೆ ಬಲಗೈ ಮೇಲೆತ್ತಿ ಜಡೆ ಹಾಕಿಕೊಳ್ಳೋಕೆ ಆಗಲ್ಲ, ಮಗಳು ಹಾಕಬೇಕು.

ಶಾಮಿಯಾನ ಕಟ್ಟಿದ್ದ ಹುಡುಗ ಇಪ್ಪತ್ತೆರಡು ಇಪ್ಪತ್ಮೂರರವನು. ಅವನು ಬೆಳಿಗ್ಗೆ ಗೂಟಗಳನ್ನ ಆರಿಸ್ತಿದ್ದ. ನನಗೆ ಸಿಟ್ಟು ತಡೆಯೋಕಾಗಲಿಲ್ಲ. ಒಂದು ಗೂಟ ಕೈಗೆತ್ತಿಕೊಂಡು ಮಣ್ಣಿನ ಗುರುತು ತೋರಿಸಿದೆ. ಎರಡಡಿ ಗೂಟದಲ್ಲಿ ನೆಲದೊಳಗೆ ಹೋಗಿದ್ದು ಗೇಣುದ್ದ, ಸ್ವಲ್ಪ ಮೇಲೆ. "ಇಷ್ಟೇನಾ ಹೊಡೆಯೋದು?" ಅಂದೆ. ಅವನು ತಿರುಗಿ ಜಗಳ ಆಡಲಿಲ್ಲ. ತಲೆ ಬಗ್ಗಿಸಿಕೊಂಡೇ ಹೇಳಿದ:

"ಅಣ್ಣಾ, ಆಳಕ್ಕೆ ಹೊಡ್ಯಾಕೇನು, ಹೊಡಿತೀವಿ. ಕೀಳೋರ್ಯಾರು? ರಾತ್ರಿ ಹನ್ನೆರಡಕ್ಕೆ ಒಂದೂರಾಗೆ ಬಿಚ್ಚಿ, ಬೆಳಿಗ್ಗೆ ಆರಕ್ಕೆ ಇನ್ನೊಂದೂರಾಗೆ ಕಟ್ಬೇಕು. ಇರೋದು ಇಬ್ರು."

ಆ ಕ್ಷಣಕ್ಕೆ ಅದು ನೆಪ ಅನಿಸಿತು. ಆಮೇಲೆ ಎಷ್ಟೋ ದಿನ ಅದೇ ಮಾತು ತಲೆಯಲ್ಲಿ ತಿರುಗ್ತಾ ಇತ್ತು. ಓದಿದ್ದು ಮೆಕ್ಯಾನಿಕಲ್, ತಿನ್ನುತ್ತಿರೋ ಅನ್ನ ಜಾವಾದ್ದು. ಆದರೂ ಹಳೇ ಚಟ ಹೋಗುತ್ತಾ? ಯೋಚನೆ ಮಾಡಿದಷ್ಟೂ ನನಗೆ ಒಂದು ವಿಷಯ ಖಾತ್ರಿ ಆಯ್ತು. ಆ ಶಾಮಿಯಾನ ಹಾರಿಹೋಗಿದ್ದು ಗೂಟ ಹಿಡಿಯೋಕಾಗದೆ ಅಲ್ಲ. ಗೂಟ ಕೀಳೋಕಾಗದೆ.

ಹೇಗೆ ಅಂತ ಹೇಳ್ತೀನಿ. ಸ್ವಲ್ಪ ಲೆಕ್ಕ ಬರುತ್ತೆ, ಸಹಿಸಿಕೊಳ್ಳಿ.

ಗಾಳಿ ಒತ್ತಡದ ಲೆಕ್ಕ ಸುಲಭ. ನಮ್ಮ ದೇಶದ ಕಟ್ಟಡಗಳಿಗೆ ಗಾಳಿಯ ಲೆಕ್ಕ ಹೇಳೋ ಐಎಸ್ 875ರ ಮೂರನೇ ಭಾಗದಲ್ಲಿರೋ ಸೂತ್ರ ಇದು: ಗಾಳಿಯ ವೇಗವನ್ನ ಸೆಕೆಂಡಿಗೆ ಇಷ್ಟು ಮೀಟರ್ ಅಂತ ತಗೊಂಡು, ಅದರ ವರ್ಗವನ್ನ 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿಗೆ ಎಷ್ಟು ನ್ಯೂಟನ್ ಅಂತ ಸಿಗುತ್ತೆ. 15 ಅಡಿಗೆ 30 ಅಡಿ ಶಾಮಿಯಾನ ಅಂದ್ರೆ ಸುಮಾರು 42 ಚದರ ಮೀಟರ್. ಗಂಟೆಗೆ 54 ಕಿಲೋಮೀಟರ್ ಗಾಳಿ ಬಂದರೆ ಆ ಬಟ್ಟೆಯ ಮೇಲೆ ಬೀಳಬಹುದಾದ ಬಲ ಹೆಚ್ಚೂಕಡಿಮೆ 575 ಕೆಜಿ ತೂಕದಷ್ಟು. ಅದೇ ಗಾಳಿ 72 ಕಿಲೋಮೀಟರ್ ಆದರೆ? ವೇಗ ಮೂರನೇ ಒಂದು ಭಾಗ ಹೆಚ್ಚಾಯ್ತು, ಬಲ ಮಾತ್ರ ಒಂದು ಟನ್ ದಾಟಿತು. ಬಟ್ಟೆಯ ಆಕಾರ, ಬದಿಗೆ ಪರದೆ ಕಟ್ಟಿದ್ದಾರಾ ಇಲ್ಲವಾ ಅನ್ನೋದರ ಮೇಲೆ ಇದು ಹೆಚ್ಚುಕಡಿಮೆ ಆಗುತ್ತೆ, ನಾನು ಬಾಯಿಲೆಕ್ಕ ಹೇಳ್ತಿದೀನಿ ಅಷ್ಟೆ. ಹನ್ನೆರಡು ಹಗ್ಗ ಕಟ್ಟಿದ್ದಾರೆ ಅಂದ್ಕೊಳ್ಳಿ. ಒಂದು ಟನ್ನಿಗೆ ತಲಾ 85 ಕೆಜಿ. ಹಗ್ಗ ಓರೆಯಾಗಿರೋದ್ರಿಂದ ಅದರೊಳಗಿನ ಎಳೆತ 120ರ ಹತ್ತಿರ ಹೋಗುತ್ತೆ. ಅದೂ ಗಾಳಿ ಸಮನಾಗಿ ಹಂಚಿಕೊಂಡು ಬಂದರೆ. ಗಾಳಿಗೆ ಅಷ್ಟು ನ್ಯಾಯಪ್ರಜ್ಞೆ ಇಲ್ಲ, ಅದು ಒಂದು ಮೂಲೆಯನ್ನೇ ಹಿಡಿದು ಎಳೆಯುತ್ತೆ. ಒಂದು ಗೂಟ ಬಂತೋ, ಅದರ ಪಾಲೂ ಪಕ್ಕದವನ ಹೆಗಲಿಗೆ.

ಈಗ ಗೂಟದ ಕಡೆ ಬನ್ನಿ. ನೆಟ್ಟಗಿರೋ ಕಬ್ಬಿಣದ ಸರಳು ನೆಲದಲ್ಲಿ ನಿಲ್ಲೋದು ಎರಡು ಕಾರಣಕ್ಕೆ. ಅಡ್ಡ ಎಳೆದಾಗ ಮುಂದಿನ ಮಣ್ಣು ಅದನ್ನ ತಡೆಯುತ್ತೆ. ಮೇಲಕ್ಕೆ ಎಳೆದಾಗ ಸುತ್ತಲಿನ ಮಣ್ಣಿನ ಉಜ್ಜುವಿಕೆ ತಡೆಯುತ್ತೆ. ಎರಡಕ್ಕೂ ಆಳ ಬೇಕು. ಮೇಲಿನ ಗೇಣು ಮಣ್ಣು ಸಡಿಲ, ಒಣಗಿದ್ದು, ದನ ತುಳಿದದ್ದು, ಅದರಲ್ಲಿ ಹಿಡಿತ ಕಮ್ಮಿ. ಹಾಗಾಗಿ ಆಳ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಿಗಿಂತ ಹೆಚ್ಚೇ ಆಗುತ್ತೆ. (ಹಗ್ಗವನ್ನ ಗೂಟದ ತಲೆಗೆ ಕಟ್ಟದೆ ನೆಲಕ್ಕೆ ತಾಗಿದ ಹಾಗೆ ಕಟ್ಟಿದರೂ ಅರ್ಧ ಯುದ್ಧ ಗೆದ್ದ ಹಾಗೆ. ಮೇಲೆ ಕಟ್ಟಿದರೆ ಗೂಟ ಸನ್ನೆಕೋಲಾಗಿ ತನ್ನನ್ನು ತಾನೇ ಕಿತ್ತುಕೊಳ್ಳುತ್ತೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಮುಂದಿನ ಸಲ ಯಾರದ್ದಾದರೂ ಮನೆ ಸಮಾರಂಭದಲ್ಲಿ ನೋಡಿದರೆ ದಯವಿಟ್ಟು ಹೇಳಿ.)

ತೊಂದರೆ ಇರೋದು ಇಲ್ಲೇ. ಆ ಉಜ್ಜುವಿಕೆ ಗಾಳಿಗೆ ಬೇರೆ, ಶಾಮಿಯಾನದ ಹುಡುಗನಿಗೆ ಬೇರೆ ಅಲ್ಲ. ಗಾಳಿ ಎಳೆದಾಗ ಎಷ್ಟು ಹಿಡಿಯುತ್ತೋ, ರಾತ್ರಿ ಹನ್ನೆರಡಕ್ಕೆ ಆ ಹುಡುಗ ಎಳೆದಾಗಲೂ ಅಷ್ಟೇ ಹಿಡಿಯುತ್ತೆ. ಗೂಟವನ್ನ ಗಟ್ಟಿ ಮಾಡಿದಷ್ಟೂ ಅವನ ಸೊಂಟಕ್ಕೆ ಶಿಕ್ಷೆ. ಅವನು ದಿನಾ ಮೂವತ್ತು ನಲವತ್ತು ಗೂಟ ಕೀಳ್ತಾನೆ, ಬಿರುಗಾಳಿ ಬರೋದು ವರ್ಷಕ್ಕೆ ಒಂದೆರಡು ಸಲ. ಹಾಗಿದ್ಮೇಲೆ ಅವನು ಯಾವುದಕ್ಕೆ ಹೊಂದಿಕೊಳ್ತಾನೆ ಹೇಳಿ? ನಾನಾದರೂ ಗೇಣುದ್ದವೇ ಹೊಡೀತಿದ್ದೆ. ಅವನ ಮೇಲಿನ ಸಿಟ್ಟು ಇಳಿದಿದ್ದು ಈ ಲೆಕ್ಕ ಮಾಡಿದ ಮೇಲೆ.

ಅದಕ್ಕೇ ನನ್ನ ವಾದ ಇಷ್ಟು. ಮತ್ತೆ ಮತ್ತೆ ಬಳಸೋ ಆಂಕರ್ ವಿನ್ಯಾಸ ಮಾಡೋನು ಮೊದಲು ಯೋಚಿಸಬೇಕಾದ್ದು ಅದು ಹೇಗೆ ನಿಲ್ಲುತ್ತೆ ಅಂತ ಅಲ್ಲ, ಹೇಗೆ ಹೊರಗೆ ಬರುತ್ತೆ ಅಂತ. ನಿಲ್ಲೋ ದಿಕ್ಕು ಒಂದು, ಹೊರಡೋ ದಿಕ್ಕು ಇನ್ನೊಂದು ಆಗಿರಬೇಕು. ಎರಡೂ ಒಂದೇ ಆಗಿದ್ದರೆ ಜನ ಹೊರಡೋದಕ್ಕೆ ಸುಲಭ ಆಗೋ ಹಾಗೇ ಕಟ್ತಾರೆ. ಪಠ್ಯಪುಸ್ತಕ ಏನೇ ಹೇಳಲಿ.

ಕನ್ನಡದಲ್ಲಿ ಗೂಟಕ್ಕೆ ಒಳ್ಳೆ ಹೆಸರಿಲ್ಲ ನೋಡಿ. 'ನಾನೇನು ಇಲ್ಲಿ ಗೂಟ ಹೊಡ್ಕೊಂಡು ಇರೋಕೆ ಬಂದಿಲ್ಲ' ಅಂತೀವಿ. ಗೂಟ ಅಂದ್ರೆ ಶಾಶ್ವತ ಅಂತ ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಮಂತ್ರಿಗಳ ಗೂಟದ ಕಾರಂತೂ ಬಿಡಿ, ಆ ಕೆಂಪು ದೀಪದ ಗೂಟವನ್ನೂ 2017ರ ಮೇ 1ರಿಂದ ಕಿತ್ತರು, ಮಾತು ಮಾತ್ರ ಉಳಿದುಕೊಂಡಿದೆ :) ಆದರೆ ಗೂಟ ನಿಜವಾಗಿ ಯಾರ ಸಲಕರಣೆ? ಒಂದು ಕಡೆ ನಿಲ್ಲದವರದು. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಹೊಲಕ್ಕೆ ಕುರಿ ಮಂದೆ ಹಾಕಿಸ್ತಾರೆ. ಕುರಿಗಾಹಿಗಳು ಬರ್ತಾರೆ, ಗೂಟ ನೆಟ್ಟು ಬಲೆ ಕಟ್ಟಿ ಕುರಿ ಕೂಡ್ತಾರೆ, ಒಂದೆರಡು ರಾತ್ರಿ ಗೊಬ್ಬರ ಬಿದ್ದ ಮೇಲೆ ಗೂಟ ಕಿತ್ತು ಮುಂದಿನ ತಾಕಿಗೆ ಹೋಗ್ತಾರೆ. ಆ ಗೂಟಗಳು ಒಂದು ಬೇಸಿಗೆಯಲ್ಲಿ ಎಷ್ಟು ಸಲ ನೆಲಕ್ಕೆ ಹೋಗಿ ಬರ್ತಾವೋ. ಮರುಬಳಕೆ ಅನ್ನೋ ಪದ ಹುಟ್ಟೋಕೆ ಮೊದಲಿನ ಮರುಬಳಕೆ.

ನಮ್ಮ ತಾತ ಜಾಲಿ ಮರದ ಗೂಟ ಮಾಡ್ತಿದ್ರು. ಚಿಕ್ಕವನಿದ್ದಾಗ ಕರು ಕಟ್ಟಿದ್ದ ಗೂಟ ಕಿತ್ತು ಬಾ ಅಂದ್ರೆ ನಾನು ಎರಡೂ ಕೈಯಲ್ಲಿ ಹಿಡಿದು ಕೆಂಪಾಗೋ ತನಕ ಎಳೀತಿದ್ದೆ. ತಾತ ನಗ್ತಾ ಬಂದು ಕೊಡಲಿ ಹಿಂಭಾಗದಿಂದ ನಾಲ್ಕೂ ಕಡೆ ಮೆಲ್ಲಗೆ ತಟ್ಟಿ, "ಎಳೀಬ್ಯಾಡ, ತಿರುವು" ಅಂತಿದ್ರು. ತಿರುವುತ್ತಾ ಎತ್ತಿದರೆ ಬೆಣ್ಣೆಯಿಂದ ಬಂದ ಹಾಗೆ ಬರ್ತಿತ್ತು. ಅದು ಯಾಕೆ ಅಂತ ಗೊತ್ತಾಗಿದ್ದು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ. ಉಜ್ಜುವಿಕೆ ಯಾವಾಗಲೂ ಚಲನೆಗೆ ಎದುರಾಗಿ ಕೆಲಸ ಮಾಡುತ್ತೆ. ಗೂಟ ಸುತ್ತ ತಿರುಗ್ತಾ ಇದ್ದರೆ ಉಜ್ಜುವಿಕೆಯೆಲ್ಲ ಆ ತಿರುಗೋದನ್ನ ತಡೆಯೋಕೆ ಖರ್ಚಾಗಿ, ಮೇಲೆ ಬರೋದನ್ನ ತಡೆಯೋಕೆ ಏನೂ ಉಳಿಯಲ್ಲ. ತಾತನಿಗೆ ಇದರ ಸಮೀಕರಣ ಗೊತ್ತಿರಲಿಲ್ಲ. ನನಗೆ ಸಮೀಕರಣ ಗೊತ್ತಿತ್ತು, ಗೂಟ ಕೀಳೋಕೆ ಬರ್ತಿರಲಿಲ್ಲ.

ನಿಲ್ಲೋ ದಿಕ್ಕು, ಹೊರಡೋ ದಿಕ್ಕು ಬೇರೆ ಬೇರೆ ಇಡೋದನ್ನ ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ಹಡಗಿನವರು. ಲಂಗರು ಭಾರ ಇರೋದ್ರಿಂದ ಹಡಗು ನಿಲ್ಲುತ್ತೆ ಅಂತ ನಾನು ತುಂಬಾ ದಿನ ಅಂದ್ಕೊಂಡಿದ್ದೆ. ಭಾರದ್ದು ಸಣ್ಣ ಪಾಲು. ಲಂಗರಿನ ಕೊಕ್ಕೆ ಅಡ್ಡ ಎಳೆದಾಗ ಕೆಸರಿನೊಳಗೆ ಇನ್ನಷ್ಟು ಹೂತುಕೊಳ್ಳುತ್ತೆ. ಅದಕ್ಕೇ ನೀರಿನ ಆಳದ ಐದಾರು ಪಟ್ಟು ಉದ್ದ ಸರಪಳಿ ಬಿಡ್ತಾರೆ, ಎಳೆತ ನೆಲಕ್ಕೆ ಸಮಾನಾಂತರವಾಗಿ ಬರಲಿ ಅಂತ. ಹೊರಡುವಾಗ ಹಡಗನ್ನ ಲಂಗರಿನ ನೆತ್ತಿಯ ಮೇಲಕ್ಕೆ ತಂದು ಸರಪಳಿಯನ್ನ ನೇರ ಮೇಲಕ್ಕೆ ಎಳೀತಾರೆ. ಅದೇ ಲಂಗರು, ಅದೇ ಕೆಸರು, ದಿಕ್ಕು ಬದಲಾಯ್ತು ಅಷ್ಟೆ, ಸಲೀಸಾಗಿ ಬಿಟ್ಟುಕೊಡುತ್ತೆ. ಬಂಡೆ ಇರೋ ಕಡೆ ಹಾಕೋ ಕೆಲವು ಸಣ್ಣ ಲಂಗರುಗಳು ಇನ್ನೂ ಮಜಾ. ಕಬ್ಬಿಣದ ಸರಳು ಬಗ್ಗಿಸಿ ಮಾಡಿದ ಕೊಕ್ಕೆಗಳು ಬಂಡೆ ಸಂದಿಗೆ ಸಿಕ್ಕಿಕೊಂಡರೆ ಜೋರಾಗಿ ಎಳೀತಾರೆ, ಕೊಕ್ಕೆ ನೆಟ್ಟಗಾಗಿ ಹೊರಗೆ ಬರುತ್ತೆ. ದೋಣಿಯಲ್ಲೇ ಮತ್ತೆ ಬಗ್ಗಿಸಿಕೊಂಡರೆ ಆಯ್ತು. ಸೋಲೋದನ್ನೂ ವಿನ್ಯಾಸದ ಒಳಗೇ ಸೇರಿಸಿಬಿಟ್ಟಿದ್ದಾರೆ.

ನೆಲದ ಮೇಲೆ ಈ ಕೆಲಸ ಮಾಡಿದವರಲ್ಲಿ ನನಗೆ ತುಂಬಾ ಇಷ್ಟವಾದವನು ಅಲೆಕ್ಸಾಂಡರ್ ಮಿಚೆಲ್. ಐರ್ಲೆಂಡಿನವನು, 1780ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿ ಬೆಲ್‌ಫಾಸ್ಟ್‌ನಲ್ಲಿ ಬದುಕಿದವನು. ಇಪ್ಪತ್ತರ ಆಸುಪಾಸಿನ ವಯಸ್ಸಿಗೆ ಅವನ ಕಣ್ಣು ಪೂರ್ತಿ ಹೋಗಿತ್ತು. ಆಮೇಲೆ ಇಟ್ಟಿಗೆ ಕೆಲಸ ಮಾಡಿಸಿದ, ಸ್ವಂತವಾಗಿ ಇಂಜಿನಿಯರಿಂಗ್ ಕಲಿತ. 1833ರಲ್ಲಿ ಸ್ಕ್ರೂ ಕಂಬಕ್ಕೆ ಪೇಟೆಂಟ್ ತಗೊಂಡ. ಕಬ್ಬಿಣದ ದಂಡದ ತುದಿಗೆ ತಿರುಪಿನ ಒಂದೆರಡು ಸುತ್ತಿನಷ್ಟು ಅಗಲವಾದ ತಟ್ಟೆ. ಅದನ್ನ ಹೊಡೆಯೋದಲ್ಲ, ತಿರುಗಿಸೋದು. ಮೊದಲು ಬಳಸಿದ್ದು ಹಡಗು ಕಟ್ಟಿಹಾಕೋಕೆ. ಆಮೇಲೆ 1838ರಲ್ಲಿ ಥೇಮ್ಸ್ ನದಿ ಸಮುದ್ರ ಸೇರೋ ಕಡೆ ಮ್ಯಾಪ್ಲಿನ್ ಸ್ಯಾಂಡ್ಸ್ ಅನ್ನೋ ಮರಳು ದಿಣ್ಣೆಯಲ್ಲಿ ಇಂಥ ಕಂಬಗಳನ್ನ ಇಳಿಸಿದ್ರು, ಅದರ ಮೇಲೆ ಕಟ್ಟಿದ ದೀಪಸ್ತಂಭ 1841ರಲ್ಲಿ ಬೆಳಗಿತು. ನಮ್ಮ ಮದರಾಸಿನಲ್ಲಿ 1860ರ ಆಸುಪಾಸಿನಲ್ಲಿ ಸಮುದ್ರದೊಳಕ್ಕೆ ಕಟ್ಟಿದ ಕಬ್ಬಿಣದ ಹಡಗುಕಟ್ಟೆ ನಿಂತಿದ್ದೂ ಸ್ಕ್ರೂ ಕಂಬಗಳ ಮೇಲೇ.

ಸ್ಕ್ರೂ ಆಂಕರಿನ ಜಾಣತನ ನೋಡಿ. ಮೇಲಕ್ಕೆ ಎಳೆದರೆ ತಟ್ಟೆಯ ಮೇಲಿರೋ ಮಣ್ಣನ್ನೆಲ್ಲ ಎತ್ತಬೇಕು. ಗಾಳಿ ಎಷ್ಟೇ ಎಳೆದರೂ ಅದಕ್ಕೆ ಎಳೆಯೋಕೆ ಮಾತ್ರ ಬರುತ್ತೆ, ತಿರುಗಿಸೋಕೆ ಬರಲ್ಲ. ಮನುಷ್ಯನಿಗೆ ತಿರುಗಿಸೋಕೆ ಬರುತ್ತೆ. ತಾತ ಹೇಳಿದ್ದೂ ಅದೇ ತಾನೆ?

ಇನ್ನೊಂದು ಲಾಭ ಇದೆ, ಅದು ನನಗೆ ಇನ್ನೂ ಹಿಡಿಸಿದ್ದು. ಗೂಟ ಹೊಡೆದಾಗ ಅದು ಎಷ್ಟು ತಡೆಯುತ್ತೆ ಅಂತ ಗೊತ್ತಾಗೋದು ಕಿತ್ತುಬಂದ ಮೇಲೆ. ಸ್ಕ್ರೂ ಇಳಿಸುವಾಗಲೇ ಹೇಳುತ್ತೆ. ತಿರುಗಿಸೋಕೆ ಎಷ್ಟು ಬಲ ಬೇಕಾಯ್ತೋ ಅದಕ್ಕೂ ಹಿಡಿತಕ್ಕೂ ನೇರ ಸಂಬಂಧ ಇದೆ. 1989ರಲ್ಲಿ ಹಾಯ್ಟ್ ಮತ್ತು ಕ್ಲೆಮೆನ್ಸ್ ಅನ್ನೋ ಇಬ್ಬರು ಪರೀಕ್ಷೆಗಳ ಲೆಕ್ಕ ಕೂಡಿಸಿ ತೋರಿಸಿದ ಸಂಬಂಧ ಅದು. ಸಣ್ಣ ಚೌಕ ದಂಡದ ಆಂಕರಿಗೆ ಒಂದು ಅಡಿ-ಪೌಂಡ್ ತಿರುಚಿಗೆ ಸುಮಾರು ಹತ್ತು ಪೌಂಡ್ ಹಿಡಿತ. ಒಂದು ಮೀಟರ್ ಉದ್ದದ ಹಾರೆ ತೂರಿಸಿ, ಆ ಕಡೆ ಒಬ್ಬ ಈ ಕಡೆ ಒಬ್ಬ 15 ಕೆಜಿ ಬಲದಲ್ಲಿ ತಳ್ಳಬೇಕಾಗಿ ಬಂದರೆ ಹಿಡಿತ 490 ಕೆಜಿ ಹತ್ತಿರ ಇರಬೇಕು. ಆ ಲೆಕ್ಕ ಆಳಕ್ಕಿಳಿದ ಆಂಕರುಗಳದ್ದು, ನಮ್ಮ ಎರಡಡಿ ಸ್ಕ್ರೂಗೆ ನಾನು ಅದನ್ನ ಅರ್ಧಕ್ಕಿಂತ ಕಮ್ಮಿ ಮಾಡಿ ನಂಬ್ತೀನಿ. ಆದರೂ ನೋಡಿ, ಕೈಗೆ ಎಷ್ಟು ನೋವಾಯ್ತು ಅನ್ನೋದೇ ಗ್ಯಾರಂಟಿ ಕಾರ್ಡ್! ಸಲೀಸಾಗಿ ಇಳೀತಾ ಇದ್ದರೆ ಮಣ್ಣು ಸಡಿಲ, ಜಾಗ ಬದಲಾಯಿಸು ಅಂತ ಅರ್ಥ.

ಹಿಡಿತದಲ್ಲಿ ಇದಕ್ಕಿಂತ ಜೋರಾದ ಆಂಕರುಗಳೂ ಇವೆ. ಬಾಣದ ಮೊನೆ ಥರದ್ದನ್ನ ಸರಳಿನಿಂದ ಆಳಕ್ಕೆ ಹೊಡೆದು, ಸರಳು ಹಿಂದಕ್ಕೆ ತೆಗೆದು, ಅದಕ್ಕೆ ಕಟ್ಟಿದ ತಂತಿಯನ್ನ ಎಳೆದರೆ ಆ ಮೊನೆ ಮಣ್ಣಿನೊಳಗೇ ಅಡ್ಡ ತಿರುಗಿ ಕೂರುತ್ತೆ. ಅದ್ಭುತ ವಿನ್ಯಾಸ. ಆದರೆ ವಾಪಸ್ ಬರಲ್ಲ, ತಂತಿ ಕತ್ತರಿಸಿ ಅಲ್ಲೇ ಬಿಡೋದು. ನಾನು ಮೊದಲು ಇದರ ಹಿಂದೆಯೇ ಬಿದ್ದಿದ್ದೆ. ಮೊನೆಯ ಹಿಂಬದಿಗೆ ಎರಡನೇ ತಂತಿ ಕಟ್ಟಿದರೆ, ಅದನ್ನ ಎಳೆದಾಗ ಮತ್ತೆ ನೆಟ್ಟಗಾಗಿ ಹೊರಗೆ ಬರಬೇಕಲ್ವಾ ಅಂತ. ಕಾಗದದ ಮೇಲೆ ಬಂತು. ಹೊಲದಲ್ಲಿ ಎರಡು ತಂತಿ ಒಂದಕ್ಕೊಂದು ಸುತ್ತಿಕೊಂಡವು, ಮೊನೆ ಅರ್ಧ ತಿರುಗಿ ನಿಂತಿತು. ಗುದ್ದಲಿಯಲ್ಲಿ ಅಗೆದು ತೆಗೆದೆ. ಚಿಕ್ಕಪ್ಪ ಆ ಗುಂಡಿಗೆ ಒಂದು ತೆಂಗಿನ ಸಸಿ ನೆಟ್ಟರು, ಅದೊಂದೇ ಉಪಯೋಗ.

ಆಮೇಲೆ ಸ್ಕ್ರೂಗೆ ಬಂದೆ. ಹಿರಿಯೂರಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ 20 ಮಿಲಿಮೀಟರ್ ಸರಳು, ಎರಡೂವರೆ ಅಡಿ ಉದ್ದ. 5 ಮಿಲಿಮೀಟರ್ ತಗಡಿನಿಂದ ನಾಲ್ಕಿಂಚು ಅಗಲದ ಬಿಲ್ಲೆ ಕತ್ತರಿಸಿ, ಒಂದು ಕಡೆ ಸೀಳಿ, ಕಾಯಿಸಿ, ಸೀಳಿನ ಎರಡು ತುದಿಗಳನ್ನ ಒಂದಿಂಚು ದೂರ ಎಳೆದು ಸರಳಿಗೆ ಬೆಸುಗೆ. ಮೇಲೆ ಹಾರೆ ತೂರುವಷ್ಟು ಬಳೆ. ಮೊದಲನೇದು ಪೂರ್ತಿ ಸೋತಿತು. ಬಿಲ್ಲೆಯನ್ನ ಅಡ್ಡಾದಿಡ್ಡಿ ಎಳೆದಿದ್ವಿ, ತಿರುಪು ಸಮನಾಗಿ ಬಂದಿರಲಿಲ್ಲ. ಅದು ನೆಲದೊಳಗೆ ಇಳಿಯೋ ಬದಲು ನಿಂತಲ್ಲೇ ಮುದ್ದೆ ತೊಳಸಿದ ಹಾಗೆ ಮಣ್ಣನ್ನ ತೊಳಸಿ ಪುಡಿ ಮಾಡಿತು. ಸ್ಕ್ರೂ ಒಂದು ಸುತ್ತಿಗೆ ತನ್ನ ತಿರುಪಿನ ಅಂತರದಷ್ಟು ಇಳಿಯಲೇಬೇಕು, ಇಳೀತಿಲ್ಲ ಅಂದ್ರೆ ಅದು ಆಂಕರ್ ಅಲ್ಲ, ಮಿಕ್ಸಿ. ಎರಡನೇದು ಸರಿ ಬಂತು. ತುದಿಯನ್ನ ಓರೆಯಾಗಿ ಕತ್ತರಿಸಿದ್ವಿ, ಸೀಳಿನ ಮುಂಭಾಗದ ಅಂಚನ್ನ ಗ್ರೈಂಡರಿನಲ್ಲಿ ಚೂಪು ಮಾಡಿದ್ವಿ.

ಪರೀಕ್ಷೆಗೆ ಚೈನ್ ಬ್ಲಾಕ್, ಮೂರು ಪೈಪಿನ ಮುಕ್ಕಾಲಿ, ಚೀಲ ತೂಗೋ 300 ಕೆಜಿಯ ನೇತಾಡೋ ತಕ್ಕಡಿ. ಗೇಣುದ್ದ ಹೊಡೆದ ಹಳೇ ಗೂಟ 40 ಕೆಜಿ ಸುಮಾರಿಗೆ ಬಂದುಬಿಟ್ಟಿತು. ಅದೇ ಗೂಟ ಪೂರ್ತಿ ಹೊಡೆದಾಗ 100 ದಾಟಿತು. ಸ್ಕ್ರೂ? ತಕ್ಕಡಿಯ ಕೊನೆ ಮುಟ್ಟೋ ತನಕ ಎಳೆದ್ವಿ, ಮುಕ್ಕಾಲಿಯ ಕಾಲು ನೆಲಕ್ಕೆ ಇಳಿಯೋಕೆ ಶುರುವಾಯ್ತು, ಸ್ಕ್ರೂ ಅಲ್ಲಾಡಲಿಲ್ಲ. ಆಮೇಲೆ ಹಾರೆ ತೂರಿಸಿ ಉಲ್ಟಾ ತಿರುಗಿಸಿ ನಾನೊಬ್ಬನೇ ತೆಗೆದೆ. ನಮ್ಮ ಹೊಲದ ಒಂದು ಮೂಲೆಯ ಪರೀಕ್ಷೆ ಇದು, ಸಂಶೋಧನಾ ಪ್ರಬಂಧ ಅಲ್ಲ. ಆದರೂ ಆವತ್ತು ರಾತ್ರಿ ನಿದ್ದೆ ಬರಲಿಲ್ಲ ನನಗೆ, ಖುಷಿಗೆ.

ಖುಷಿಯ ಜೊತೆ ಹೇಳಲೇಬೇಕಾದ ಎಡವಟ್ಟುಗಳೂ ಇವೆ. ಒಣಗಿದ ಕೆಂಪು ಮಣ್ಣಿಗೆ ಇದು ಇಳಿಯಲ್ಲ, ಹಿಂದಿನ ರಾತ್ರಿ ಒಂದು ಕೊಡ ನೀರು ಸುರೀಬೇಕು. ಗೊರಚು ಕಲ್ಲಿರೋ ಕಡೆ ಹಾರೆಯಲ್ಲಿ ಗುಳಿ ಮಾಡದೆ ಆಗಲ್ಲ. ಎರೆ ಮಣ್ಣಿನಲ್ಲಿ ಬೇಸಿಗೆಯಲ್ಲಿ ಬಿರುಕು, ಮಳೆ ಬಿದ್ದರೆ ಕೆಸರು, ಬೆಳಿಗ್ಗೆ ಇದ್ದ ಹಿಡಿತ ಸಂಜೆ ಇರುತ್ತೆ ಅನ್ನೋ ಖಾತ್ರಿ ಇಲ್ಲ. ಒಂದು ಸಲ ತೆಗೆದ ಗುಳಿಯಲ್ಲೇ ಮತ್ತೆ ಇಳಿಸಬಾರದು, ಅಲ್ಲಿನ ಮಣ್ಣು ಆಗಲೇ ಸಡಿಲ ಆಗಿರುತ್ತೆ. ಒಂದೆರಡು ಅಡಿ ಸರಿಯಬೇಕು. ಆಂಕರ್ ಮರುಬಳಕೆಗೆ ಬರುತ್ತೆ, ಗುಳಿ ಬರಲ್ಲ. ಊರೊಳಗೆ ಆಗಿದ್ದರೆ ನೆಲದೊಳಗೆ ನೀರಿನ ಪೈಪು, ಕರೆಂಟಿನ ಕೇಬಲ್ ಎಲ್ಲಿದೆ ಅಂತ ಕೇಳದೆ ಎರಡಡಿ ಇಳಿಸೋದು ಅಪಾಯ.

ಊರೊಳಗೆ ಅಂದಾಗ ನೆನಪಾಯ್ತು. ಬೆಂಗಳೂರಲ್ಲಿ ನಾನಿರೋ ಬೀದಿಯಲ್ಲಿ ಪ್ರತಿ ವರ್ಷ ಗಣೇಶನ ಪೆಂಡಾಲಿಗೆ ಡಾಂಬರು ಒಡೆದು ಗುಳಿ ತೋಡ್ತಾರೆ. ಹಬ್ಬ ಮುಗಿದ ಮೇಲೆ ಕಂಬ ಹೋಗುತ್ತೆ, ಗುಳಿ ಉಳಿಯುತ್ತೆ, ಅದರಲ್ಲಿ ನೀರು ನಿಂತು ಮುಂದಿನ ಹಬ್ಬದ ಹೊತ್ತಿಗೆ ಬಾಂಡಲಿಯಷ್ಟು ಅಗಲ ಆಗಿರುತ್ತೆ. ಪ್ರತಿ ವರ್ಷ ಅದೇ ಜಾಗದಲ್ಲಿ ಪೆಂಡಾಲ್ ಹಾಕೋದೇ ಆದರೆ ಒಂದು ಕಬ್ಬಿಣದ ಕೊಳವೆಯನ್ನ ಕಾಂಕ್ರೀಟಿನಲ್ಲಿ ಹೂತು ಮುಚ್ಚಳ ಹಾಕಿಡೋಕೆ ಏನು ಕಷ್ಟ? ಕೆಲವು ಹಳೇ ಗುಡಿಗಳ ಅಂಗಳದ ಹಾಸುಗಲ್ಲಿನಲ್ಲಿ ಚಪ್ಪರದ ಕಂಬ ನಿಲ್ಲಿಸೋಕೆ ಅಂತಲೇ ಕೊರೆದ ಗುಳಿಗಳು ಇರ್ತಾವೆ, ನೀವೂ ನೋಡಿರ್ತೀರಿ. ಕಟ್ಟಿದವನಿಗೆ ಮುಂದಿನ ವರ್ಷವೂ ಜಾತ್ರೆ ನಡೆಯುತ್ತೆ ಅಂತ ಗೊತ್ತಿತ್ತು. ನಮ್ಮ ಬೀದಿಯವರಿಗೆ ಗಣೇಶ ಪ್ರತಿ ವರ್ಷ ಮೊದಲ ಸಲ ಬರ್ತಾನೆ!

ಸಾಫ್ಟ್‌ವೇರ್ ಮಿತ್ರರಿಗೆ ಒಂದು ಮಾತು, ನಮ್ಮಲ್ಲೂ ಇದೇ ಕಥೆ. ಹೊಸ ವರ್ಷನ್ ಹಾಕೋಕೆ ಸ್ಕ್ರಿಪ್ಟ್ ಬರೀತೀವಿ, ವಾಪಸ್ ತೆಗೆಯೋಕೆ ಯಾರೂ ಬರೆಯಲ್ಲ. ಆಮೇಲೆ ಶುಕ್ರವಾರ ಏನೂ ಡಿಪ್ಲಾಯ್ ಮಾಡಬೇಡಿ ಅಂತ ಭಯ. ಹಿಂದಿನ ಕೆಲಸದಲ್ಲಿ ನಮ್ಮ ತಂಡ ವಾಪಸ್ ತೆಗೆಯೋದನ್ನ ಒಂದು ಬಟನ್ನಿಗೆ ಇಳಿಸಿದ ಮೇಲೆ ಎಲ್ಲರೂ ಧೈರ್ಯವಾಗಿ, ಪೂರ್ತಿ ಆಳಕ್ಕೇ ಹೊಡೆಯೋಕೆ ಶುರು ಮಾಡಿದ್ವಿ. ಶಾಮಿಯಾನದ ಹುಡುಗನಿಗಿಂತ ನಾವೇನು ಬೇರೆ ಜಾತಿಯ ಪ್ರಾಣಿಗಳಲ್ಲ.

ಕಳೆದ ಮದುವೆ ಸೀಸನ್ನಿಗೆ ನಾಲ್ಕು ಸ್ಕ್ರೂ ಮಾಡಿಸಿ ಅದೇ ಹುಡುಗನಿಗೆ ಕೊಟ್ಟೆ. ಒಂದಕ್ಕೆ 650 ರೂಪಾಯಿ ಬಿತ್ತು. ಎಲ್ಲ ಗೂಟದ ಬದಲಿಗೆ ಬೇಡ, ನಾಲ್ಕು ಮೂಲೆಗೆ ಮಾತ್ರ ಹಾಕು, ಮಧ್ಯದವು ನಿನ್ನ ಹಳೇ ಗೂಟಗಳೇ ಇರಲಿ ಅಂದೆ. ಗಾಳಿ ಮೊದಲು ಹಿಡಿಯೋದು ಮೂಲೆಯನ್ನ. ಮೊದಲ ಗೂಟ ಬರದಿದ್ದರೆ ಸಾಲಾಗಿ ಬರೋದು ಶುರುವೇ ಆಗಲ್ಲ ಅನ್ನೋದು ನನ್ನ ಲೆಕ್ಕ. ಅವನ ಮಾಲೀಕ ಮೊದಲೇ ಹೇಳಿದ್ದರಂತೆ, ಇದನ್ನ ಯಾರಾದ್ರೂ ಗುಜರಿಗೆ ಹಾಕಿಬಿಡ್ತಾರೆ, ನನ್ನ ದುಡ್ಡಲ್ಲಂತೂ ಬೇಡ ಅಂತ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಕಂಬ ಬೀಳೋದು ಮಾಲೀಕನ ಭುಜದ ಮೇಲಲ್ಲವಲ್ಲ.

ಯುಗಾದಿಗೆ ಊರಿಗೆ ಹೋದಾಗ ಹುಡುಗ ಸಿಕ್ಕಿದ್ದ. ಆರು ಮದುವೆ, ಒಂದು ಗೃಹಪ್ರವೇಶ ಮಾಡಿದ್ದಾನೆ. ನಾಲ್ಕರಲ್ಲಿ ಮೂರು ಉಳಿದಿವೆ, ಒಂದು ಎಲ್ಲೋ ಹೋಯ್ತಂತೆ. "ಹೆಂಗಪ್ಪಾ ಅದು?" ಅಂದೆ.

"ಹಿಡಿತದೇನೋ ಮಸ್ತೈತಣ್ಣ. ಕೀಳಾದೂ ಸಲೀಸು. ಆದ್ರೆ ಎರೆ ನೆಲ್ದಾಗೆ ಆ ಬಿಲ್ಲೆಗೆ ಸೇರುಗಟ್ಲೆ ಮಣ್ಣು ಮೆತ್ಕಂಡು ಬರ್ತೈತೆ. ರಾತ್ರಿ ಹನ್ನೆರಡಕ್ಕೆ ಅದನ್ನ ಕೆರಿಯೋರ್ಯಾರು?"

ಈಗ ಬಿಲ್ಲೆಯ ಅಗಲವನ್ನ ಮೂರಿಂಚಿಗೆ ಇಳಿಸಿ ಆಳವನ್ನ ಅರ್ಧ ಅಡಿ ಹೆಚ್ಚಿಸಿದರೆ ಹೇಗೆ ಅಂತ ನೋಡ್ತಿದೀನಿ. ತಿರುಪಿನ ಅಂತರ ಜಾಸ್ತಿ ಮಾಡಿದರೆ ಮಣ್ಣು ಕಮ್ಮಿ ಮೆತ್ತಬಹುದೇನೋ, ಆದರೆ ತಿರುಗಿಸೋದು ಕಷ್ಟ ಆಗುತ್ತೆ. ಎರೆ ಮಣ್ಣಿನ ಕಡೆಯವರು, ಬೇಸಾಯದ ಸಲಕರಣೆ ಮಾಡಿಸಿ ಗೊತ್ತಿರೋರು ಯಾರಾದ್ರೂ ಇದ್ದರೆ ಹೇಳಿ, ಕುಂಟೆ ಗುಳಕ್ಕೆ ಮಣ್ಣು ಮೆತ್ತದ ಹಾಗೆ ನಿಮ್ಮ ಕಡೆ ಏನು ಮಾಡ್ತಾರೆ?